ಹತ್ತು ಗಂಟೆಯ ನಾತ

ನಾವು ಬೊಮ್ಮಸಂದ್ರದ ಶೀಟಿನ ಮನೆಯಲ್ಲಿದ್ದ ಆ ವರ್ಷಗಳಲ್ಲಿ, ಲಂಡನ್ ಎಷ್ಟು ದೂರ ಎಂಬುದನ್ನು ನಾನು ಮೂಗಿನಿಂದ ಕಲಿತೆ. ಹಿಂದಿನ ಬೀದಿಯ ಲಾಂಡ್ರಿಗೆ ವಿಮಾನಗಳ ಕಂಬಳಿಗಳು ಮೂಟೆ ಮೂಟೆಯಾಗಿ ಬರುತ್ತಿದ್ದವು. ರಾಯಚೂರು ಕಡೆಯಿಂದ ದುಡಿಯಲು ಬಂದಿದ್ದ ನಮ್ಮವ್ವನಿಗೆ ಆ ಮೂಟೆ ಬಿಚ್ಚಿ ಕಂಬಳಿ ಬೇರ್ಪಡಿಸುವ ಕೆಲಸ. ಬೇಸಿಗೆ ರಜೆಯಲ್ಲಿ ಮಧ್ಯಾಹ್ನ ಅವಳಿಗೆ ಬುತ್ತಿ ಒಯ್ಯುತ್ತಿದ್ದವಳು ನಾನು.

ಮೂಟೆ ಬಿಚ್ಚಿದೊಡನೆ ಅದು ಯಾವ ಊರಿನ ವಿಮಾನದ್ದೆಂದು ನಾತವೇ ಹೇಳುತ್ತಿತ್ತು. ದುಬೈ ಅಂದರೆ ನಾಲ್ಕು ಗಂಟೆಯ ಹಾದಿ. ಬೆವರು, ಅತ್ತರು, ಅಷ್ಟೇ. ಲಂಡನ್ ಹತ್ತು ಗಂಟೆ, ಎಂಟು ಸಾವಿರ ಕಿಲೋಮೀಟರು. ಅಷ್ಟು ಹೊತ್ತು ಕೂಡಿಹಾಕಿದ ಮನುಷ್ಯರು ಏನೇನು ಮಾಡಬಲ್ಲರೋ ಅದೆಲ್ಲ ಕಂಬಳಿಯಲ್ಲಿರುತ್ತಿತ್ತು. ವಾಂತಿ, ಚೆಲ್ಲಿದ ಹೆಂಡ, ಕಾಲುಚೀಲದ ಗಬ್ಬು. ಒಮ್ಮೆ ಮಗುವಿನ ಹೇಲಿನ ಡೈಪರನ್ನು ಒಳಗಿಟ್ಟು, ಕಂಬಳಿಯನ್ನು ಅಂದವಾಗಿ ಮಡಿಸಿದ್ದರು. ಮಡಿಸಿದ್ದರು ನೋಡಿ! ಬೂಟು ಹಾಕಿ ಇಂಗ್ಲಿಷ್ ಮಾತಾಡುವ ಜನ, ನಾಲ್ಕು ಹೆಜ್ಜೆ ನಡೆದು ಅದನ್ನು ಕಸದ ಡಬ್ಬಿಗೆ ಹಾಕಲಾರರು. ನೆನೆದರೆ ಇಂದಿಗೂ ನನಗೆ ವಾಕರಿಕೆ.

ಕಣ್ಣು ಮುಚ್ಚಿ ಮೂಸಿ ಊರಿನ ಹೆಸರು ಹೇಳುವುದು ನಮ್ಮಿಬ್ಬರ ಆಟ. ನಾನು ತಪ್ಪುತ್ತಿದ್ದೆ, ಅವ್ವ ತಪ್ಪುತ್ತಿರಲಿಲ್ಲ. ಅದೇ ಅವಳಿಗೆ ಮುಳುವಾಯಿತು.

“ಸಾರ್, ನನ್ನ ಇಸ್ತ್ರಿ ಕೆಲಸಕ್ಕ ಹಾಕ್ರಿ. ಈ ನಾತಕ್ಕ ಒಂದು ತುತ್ತು ಉಣ್ಣಾಕ ಆಗವಲ್ದು,” ಎಂದು ಅವ್ವ ಸೂಪರ್‌ವೈಸರನ್ನು ಬೇಡಿಕೊಂಡಳು.

“ಅಯ್ಯೋ, ನಿಮ್ ಮೂಗು ಸಕ್ಕತ್ತಾಗಿದೆ ಕಣಕ್ಕ! ಯಾವ್ದನ್ನ ಎರಡು ಸಲ ಒಗೀಬೇಕು ಅಂತ ಇನ್ಯಾರು ಹೇಳ್ತಾರೆ?” ಎಂದು ಅವನು ನಕ್ಕು ಹೋದ.

ಪುಂಡಿಪಲ್ಲೆ, ಶೇಂಗಾ ಚಟ್ನಿ, ಬಿಸಿ ರೊಟ್ಟಿ, ಏನೊಯ್ದರೂ ಅವ್ವ ಬಾಯಿತನಕ ತಂದು ಕೆಳಗಿಡುತ್ತಿದ್ದಳು. “ಮೂಗಿನ್ಯಾಗ ಅದಽ ಕುಂತೈತಿ, ನೀ ಉಣ್ಣು,” ಎನ್ನುತ್ತಿದ್ದಳು. ಬಳೆಗಳು ಮೊಣಕೈಯವರೆಗೆ ಜಾರುವಷ್ಟು ಸೊರಗಿದ್ದಳು. ಅವ್ವ ಸತ್ತೇ ಹೋಗುತ್ತಾಳೆಂದು ನನಗೆ ಭಯವಾಗಿತ್ತು.

ರಜೆ ಮುಗಿಯುವ ಹೊತ್ತಿಗೆ ಅವ್ವ ಉಣ್ಣತೊಡಗಿದಳು. ಕಂಬಳಿ ರಾಶಿಯ ಪಕ್ಕದಲ್ಲೇ, ಬ್ಲೀಚಿಂಗ್ ಪುಡಿಯ ಡ್ರಮ್ಮಿಗೆ ಒರಗಿ ಕುಳಿತು, ಎರಡು ರೊಟ್ಟಿ ಮುಗಿಸಿದಳು. ನಾನು ಮನೆಗೆ ಓಡಿ ಅಪ್ಪನಿಗೆ ಸುದ್ದಿ ಹೇಳಿದೆ.

“ರೂಢಿ ಆತು ಬಿಡು,” ಎಂದು ಅಪ್ಪ ಹಿಗ್ಗಿದ. ಆ ಸಂಜೆ ಮೈಸೂರುಪಾಕು ತಂದ.

ಕೆಲವು ದಿನ ಕಳೆದಿರಬೇಕು. ನಾನು ಬಾಗಿಲಾಚೆ ಆಡುತ್ತಿದ್ದೆ, ಸೀದ ವಾಸನೆ ಬೀದಿಗೇ ಬಂತು. ಒಳಗೆ ಅವ್ವ ಒಲೆಗೆ ಬೆನ್ನು ಮಾಡಿ ಕುಳಿತು ಬದನೆಕಾಯಿ ಹೆಚ್ಚುತ್ತಿದ್ದಳು.

“ಅವ್ವಾ, ಹಾಲು ಸೀದೈತಿ!”

ಅವಳು ತಿರುಗಿ ಕರಿಹಿಡಿದ ಪಾತ್ರೆ ನೋಡಿದಳು. ಬಗ್ಗಿ ಮೂಸಿದಳು. ಮತ್ತೆ ಮೂಸಿದಳು. ಉಳ್ಳಾಗಡ್ಡಿಯೊಂದನ್ನು ಗುದ್ದಿ ಮೂಗಿಗೆ ಒತ್ತಿಕೊಂಡು, “ಏನೂ ಬರವಲ್ದಲ್ಲೇ,” ಎಂದಳು.

ಬ್ಲೀಚಿನ ಗಾಳಿ ಮೂಗನ್ನು ಸುಟ್ಟಿದೆ, ಇನ್ನು ವಾಸನೆ ಮರಳುವುದು ಕಷ್ಟ ಎಂದರು ಡಾಕ್ಟರು. ನಾವು ಮೈಸೂರುಪಾಕು ತಿಂದದ್ದು ಅದಕ್ಕೆ.

ಲಾಂಡ್ರಿ ಇದ್ದ ಜಾಗದಲ್ಲಿ ಈಗ ಪೀಜಿ ಎದ್ದಿದೆ. ಅವ್ವನಿಗೆ ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ಸಾರು ಹಳಸಿದೆಯೋ ಇಲ್ಲವೋ ಎಂದು ನನ್ನ ಪುಟ್ಟ ಮಗಳ ಕೈಲಿ ಮೂಸಿಸುತ್ತಾಳೆ. ಮಗು ಮೂಗು ಹಿಡಿದು “ಛೀ ಅಜ್ಜೀ!” ಎಂದು ಮುಖ ಕಿವುಚಿದರೆ, ಅವ್ವ ಆ ಮುಖವನ್ನು ಆಸೆಯಿಂದ ನೋಡುತ್ತ ಕೂರುತ್ತಾಳೆ.