ನನ್ನ ಎಡಗಾಲಿನ ಡಾಕ್ಟರಿಕೆ

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದೆನಂತೆ. ನಮ್ಮಮ್ಮ ಪಟ್ಟ ಕಷ್ಟದಿಂದ ಶಿವಮೊಗ್ಗದ ಜನಕ್ಕೆ ಉಪಕಾರವಾಯಿತು. ಈ ನಂಬಿಕೆ ನಿಮಗೂ ಗೊತ್ತಿರಬಹುದು: ಸೊಂಟ ಉಳುಕಿದವರಿಗೆ ಹೀಗೆ ಹುಟ್ಟಿದವರು ಎಡಗಾಲಿನಿಂದ ಮೂರು ಸಲ ಒದ್ದರೆ ನೋವು ಮಾಯ. ಇಪ್ಪತ್ತು ವರ್ಷದಿಂದ ಒದೆಯುತ್ತಾ ಬಂದಿದ್ದೇನೆ. (ಮೆಲ್ಲಗೆ. ನನ್ನ ಹಳೇ ಮೇಷ್ಟರಿಗೆ ಮಾತ್ರ ಸ್ವಲ್ಪ ಜೋರಾಗಿ.)

ನಾನು ಅನುಮಾನದ ಮನುಷ್ಯ, ನಿಮಗೆ ಗೊತ್ತೇ ಇದೆ. ಹಾಲಿನವನ ಲೋಟ, ದಿನಸಿ ಅಂಗಡಿಯ ತಕ್ಕಡಿ, ಎಲೆಕ್ಷನ್ ಭಾಷಣ, ಯಾವುದನ್ನೂ ಸುಮ್ಮನೆ ನಂಬಿದವನಲ್ಲ.

ತಿಂಗಳ ಹಿಂದೆ ಭದ್ರಾವತಿಯಿಂದ ಬೆಳಗಿನ ರೈಲಿಗೆ ಇಬ್ಬರು ಬಂದರು. ಒಬ್ಬ ಅಲ್ಲಿನ ಒಂದು ಕಬಡ್ಡಿ ಟೀಮಿನ ಕ್ಯಾಪ್ಟನ್. ಇನ್ನೊಬ್ಬ ಅದೇ ಟೀಮಿನ ರುದ್ರೇಶ, ಹತ್ತೊಂಬತ್ತು ವರ್ಷ. ಆಟದಲ್ಲಿ ನಾಲ್ಕು ಜನ ಮೇಲೆ ಬಿದ್ದು ಸೊಂಟ ಹಿಡಿದುಕೊಂಡಿತ್ತು.

“ಬರೀ ಉಳುಕು ಸ್ವಾಮಿ. ಭಾನುವಾರ ಮ್ಯಾಚಿದೆ, ಒದ್ದುಬಿಡಿ,” ಎಂದ ಕ್ಯಾಪ್ಟನ್.

ಒದ್ದೆ. “ಹೋಯ್ತಾ?” ಎಂದೆ. ಹುಡುಗ ಕ್ಯಾಪ್ಟನ್ನಿನ ಮುಖ ನೋಡಿ, “ಹೋಯ್ತು ಸಾರ್,” ಎಂದ. ಆ ಸಂಜೆ ಕ್ಲಬ್ಬಿನಲ್ಲಿ ನಾಲ್ಕು ಜನರ ಮುಂದೆ ಜಂಬ ಕೊಚ್ಚಿಕೊಂಡೆ.

ಕಳೆದ ವಾರ ಅದೇ ರೈಲು, ಅದೇ ಇಬ್ಬರು.

“ಇನ್ನೊಂದ್ಸಲ ಒದೀಬೇಕು ಸ್ವಾಮಿ. ಈ ಮ್ಯಾಚ್ ನೋಡೋಕೆ ಕಾರ್ಖಾನೆ ದೊಡ್ಡೋರು ಬರ್ತಾರೆ. ಚೆನ್ನಾಗಿ ಆಡಿದ್ರೆ ಇವನಿಗೊಂದು ಕೆಲಸ ಆಗುತ್ತೆ.”

ಮಾಯವಾದ ನೋವು ವಾಪಸ್ ಯಾಕೆ ಬಂತು? ನೋಡುತ್ತಿದ್ದ ಹಾಗೇ ಹುಡುಗನ ಹೆಗಲಿನ ಟವೆಲ್ ಜಾರಿ ಬಿತ್ತು. ಅವನು ಬಗ್ಗಲಿಲ್ಲ. ಗೋಡೆ ಹಿಡಿದುಕೊಂಡು, ಕಾಲ್ಬೆರಳಿನಲ್ಲಿ ಸಿಕ್ಕಿಸಿ ಎತ್ತಿಕೊಂಡ.

ಕ್ಯಾಪ್ಟನ್ನನ್ನು ಎಲೆಯಡಿಕೆ ತರಲು ಕಳಿಸಿದೆ. (ಮನೆಯಲ್ಲಿ ತಟ್ಟೆ ತುಂಬ ಇತ್ತು.)

“ನಿಜ ಹೇಳು ಮಾರಾಯ. ಹೋದ್ಸಲ ನೋವು ಹೋಗಿತ್ತಾ?”

“ಇಲ್ಲ ಸಾರ್.”

“ಮತ್ತೆ ಹೋಯ್ತು ಅಂದೆ?”

“ಇಲ್ಲ ಅಂದ್ರೆ ನನ್ನ ಜಾಗಕ್ಕೆ ಬೇರೆಯವನ್ನ ಹಾಕ್ತಿದ್ರು. ಅದೂ ಅಲ್ದೆ, ನಿಮ್ಮಂಥ ದೊಡ್ಡೋರು ಒದ್ದಿದೀರಿ. ಹೋಗ್ಲಿಲ್ಲ ಅಂತ ಮುಖದ ಮೇಲೆ ಹೆಂಗೆ ಹೇಳ್ಲಿ?” ಆಮೇಲೆ ಮೆಲ್ಲಗೆ, “ಬಲಗಾಲು ಜೋಮು ಹಿಡಿಯುತ್ತೆ ಸಾರ್,” ಎಂದ.

ನನಗೆ ಹೆದರಿಕೆಯಾಯಿತು. ಒದೆಯುವುದಿಲ್ಲ ಎಂದುಬಿಟ್ಟೆ. ಎಲೆಯಡಿಕೆ ಹಿಡಿದು ಬಂದ ಕ್ಯಾಪ್ಟನ್ ಕೂಗಾಡಿದ: “ಒಂದು ಕಾಲೆತ್ತೋಕೆ ಏನ್ರೀ ಕಷ್ಟ? ಹುಡುಗನ ಅನ್ನಕ್ಕೆ ಕಲ್ಲು ಹಾಕ್ತಿದೀರಲ್ಲ!”

ಇಬ್ಬರನ್ನೂ ಜಟಕಾ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆನ್ನುಮೂಳೆಯಲ್ಲಿ ಬಿರುಕು.

“ಪೆಟ್ಟು ಬಿದ್ದ ದಿನವೇ ಮಲಗಿಸಿದ್ರೆ ಇಷ್ಟಾಗ್ತಿರಲಿಲ್ಲ. ಇವನು ಆಮೇಲೂ ಆಡಿದಾನೆ. ಉಳುಕು ಅಂದೋರು ಯಾರು?”

ಕ್ಯಾಪ್ಟನ್ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಈಗ ರುದ್ರೇಶ ಎದೆಯಿಂದ ಸೊಂಟದವರೆಗೆ ಪ್ಲಾಸ್ಟರಿನಲ್ಲಿ ಮಲಗಿದ್ದಾನೆ. ಮತ್ತೆ ಆಡುತ್ತಾನೋ ಇಲ್ಲವೋ, ಡಾಕ್ಟರು ಹೇಳುತ್ತಿಲ್ಲ. ಕೆಲಸದ ಮಾತನ್ನಂತೂ ಯಾರೂ ಎತ್ತುತ್ತಿಲ್ಲ. ನಿಮ್ಮ ಮನೆಯ ಹುಡುಗ ಆಡಿ ಪೆಟ್ಟು ಮಾಡಿಕೊಂಡು ಬಂದರೆ, ‘ಬರೀ ಉಳುಕು’ ಅನ್ನುವವರು ಯಾರು ಎಂದು ಮೊದಲು ನೋಡಿ. ಮುಂದಿನ ಮ್ಯಾಚು ಬೇಕಾಗಿರುವುದು ಅವರಿಗೇ. ನನ್ನ ಹಾಗೆ ಹೊಗಳಿಕೆ ಬೇಕಾಗಿರುವವರು ಅದನ್ನು ನಂಬಿ ಒದ್ದುಬಿಡುತ್ತಾರೆ. ನನಗೆ ನಾಚಿಕೆಯಾಗಿದೆ.

ನಿನ್ನೆ ದಾರಿಯಲ್ಲಿ ಆ ಹಳೇ ಮೇಷ್ಟರು ಸಿಕ್ಕಿದರು. “ನಿನ್ನ ಕಾಲ್ಗುಣ ಕಣಯ್ಯ, ಅವತ್ತೇ ಹೋಯ್ತು ನೋವು!” ಎಂದು ನಕ್ಕು, ಒಂದು ಕೈ ಸೊಂಟದ ಮೇಲಿಟ್ಟು, ಕೋಲೂರಿಕೊಂಡು ಮುಂದೆ ಹೋದರು.

ಇಪ್ಪತ್ತು ವರ್ಷದಲ್ಲಿ ನನಗೆ ನಿಜ ಹೇಳಿದವನು ಆ ಹುಡುಗನೊಬ್ಬನೇ ಏನು?