ಎರಡಡಿ ಒಳಗೆ ಬಂದ ಕಲ್ಲು

ಗೆಳೆಯರೇ, ಬೊಮ್ಮಸಂದ್ರದ ಹಿಂದೆ ನಾವು ಮನೆ ಕಟ್ಟಲು ಹೊರಟ ಸೈಟಿನಲ್ಲಿ ಇವತ್ತು ಗುದ್ದಲಿ ಪೂಜೆ. ಮೂಲೆಯ ಗಡಿಕಲ್ಲಿಗೆ ನಮ್ಮತ್ತೆ ಧಾರಾಳವಾಗಿ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ನಮ್ಮನ್ನೆಲ್ಲ ಅದಕ್ಕೆ ಅಡ್ಡ ಬೀಳಿಸಿದರು.

ಆಮೇಲೆ ಸರ್ವೆಯರ್ ಬಂದು ಟೇಪು ಹಿಡಿದರು. "ಸಾರ್, ಈ ಕಲ್ಲು ಎರಡಡಿ ನಿಮ್ಮ ಸೈಟೊಳಗೆ ಬಂದಿದೆ. ಯಾರೋ ಸರಿಸಿದಾರೆ. ಕೀಳ್ಸಿ ಆಚೆಗೆ ಹಾಕ್ಸಿ."

ಪಕ್ಕದ ಜಮೀನಿನ ಮುನಿಯಪ್ಪನವರು ಆಕಾಶ ನೋಡುತ್ತಿದ್ದರು.

ನಮ್ಮ ಮೇಸ್ತ್ರಿ, ರಾಯಚೂರು ಕಡೆಯ ಯಂಕಪ್ಪ, ಹಾರೆ ಕೆಳಗಿಟ್ಟ. "ಪೂಜಿ ಆದ ಕಲ್ಲು ನಾ ಮುಟ್ಟಂಗಿಲ್ರಿ ಸಾಹೇಬ್ರ." ಸರ್ವೆಯರ್ ಕಡೆ ತಿರುಗಿದೆ. ಅವರು ಆಗಲೇ ಚಪ್ಪಲಿ ಬಿಟ್ಟು ಕೈ ಮುಗಿದಿದ್ದರು.

"ನೀವೇ ಸರಿಸಿದ್ದು, ನೀವೇ ಕೀಳಿ" ಎಂದು ಮುನಿಯಪ್ಪನವರ ಮೇಲೆ ರೇಗಿದೆ.

"ನಿನ್ನೆಗಂಟ ಅದು ಬರೀ ಕಲ್ಲು ಸಾರ್. ದ್ಯಾವ್ರು ಮಾಡಿದ್ದು ನೀವಲ್ವಾ? ಅಂಗೆಲ್ಲಾ ಕೀಳ್ಬಾರ್ದು."

ಸಂಜೆ ಅವರೇ ಬಂದು ಕಲ್ಲಿಗೆ ತೆಂಗಿನಕಾಯಿ ಒಡೆದು, ಒಂದು ಹೋಳನ್ನು ಪ್ರಸಾದವೆಂದು ನನ್ನ ಕೈಗಿಟ್ಟರು. ಅತ್ತೆ ಅದರಲ್ಲೇ ಚಟ್ನಿ ಅರೆದಿದ್ದಾರೆ. ಎರಡಡಿ ಜಾಗ ಕೊಟ್ಟು ಪಡೆದ ಚಟ್ನಿ. ತಟ್ಟೆ ಬಳಿದು ತಿಂದೆ.