ಸ್ವೆಟರಿನ ತೂಕ

ನನ್ನ ನಾಲಿಗೆಗೊಂದು ಕೆಟ್ಟ ಚಾಳಿಯಿದೆ. ಹಾಲು ಉಕ್ಕಿದರೂ, ಬಸ್ಸು ತಡವಾದರೂ, ಪಕ್ಕದ ಮನೆಯವರ ನೆಂಟರಿಗೆ ನೆಗಡಿಯೆಂದು ತಿಳಿದರೂ ನನ್ನನ್ನೊಂದು ಮಾತು ಕೇಳದೆ ಅದು ‘ಚ್ಚು’ ಅಂದುಬಿಡುತ್ತದೆ. ಇಂಥವನನ್ನು ಮಕ್ಕಳ ಕ್ಲಿನಿಕ್ಕಿನಲ್ಲಿ ತೂಕದ ಯಂತ್ರದ ಮುಂದೆ ಕೂರಿಸಬಾರದಿತ್ತು. ಕೂರಿಸಿದರು.

ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರ ಭಜನೆ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ಆ ಕ್ಲಿನಿಕ್ಕು. ಔಷಧದ ಗಂಧವಿಲ್ಲದ ಸ್ವಯಂಸೇವಕನಿಗೆ ಇನ್ನೇನು ಕೊಟ್ಟಾರು? ಮಗುವನ್ನು ತೂಗುವುದು, ಚೀಟಿಯಲ್ಲಿ ಬರೆಯುವುದು, ತೂಕ ಇಳಿದವರನ್ನು ಡಾಕ್ಟರ ಸಾಲಿಗೂ ಏರಿದವರನ್ನು ಟಾನಿಕ್ಕಿನ ಸಾಲಿಗೂ ಕಳಿಸುವುದು. ಬಟ್ಟೆ ಬಿಚ್ಚಿಸಿ ತೂಗಬೇಕೆಂಬುದು ನಿಯಮ. ಆದರೆ ಮಾಗಿಯ ಬೆಳಗಿನಲ್ಲಿ ಮಗುವಿಗೆ ಶೀತವಾದರೆ? “ಸ್ವೆಟರ್ ಇರಲಿ ಬಿಡಮ್ಮ” ಎನ್ನುತ್ತಿದ್ದೆ.

ದೇವಸ್ಥಾನದ ತುಲಾಭಾರದಲ್ಲಿ ಮಗು ಹಗುರವಾದಷ್ಟೂ ಬೆಲ್ಲ ಉಳಿಯುತ್ತದೆ. ನಮ್ಮ ತಟ್ಟೆಯಲ್ಲಿ ಹಗುರವಾದರೆ ತಾಯಿಯ ತಲೆ ಬಾಗುತ್ತದೆ. ತಾಯಂದಿರು ಯಂತ್ರದ ಮುಳ್ಳನ್ನು ನೋಡುವುದಿಲ್ಲ, ತೂಗುವವನ ಮುಖ ನೋಡುತ್ತಾರೆ. ಇದು ನನಗೆ ತಡವಾಗಿ ತಿಳಿಯಿತು.

ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುವ ಮಂಜುಳಾ ತನ್ನ ಎರಡು ವರ್ಷದ ಭೂಮಿಕಾಳನ್ನು ತರುತ್ತಿದ್ದಳು. ಒಂದು ತಿಂಗಳು ಮಗುವಿನ ತೂಕ ಇಳಿದಿತ್ತು. ‘ಚ್ಚು’ ಅಂದೆ. ಹಿಂದಿದ್ದ ಹೆಂಗಸು ಬಿಟ್ಟಾಳೆ? “ಏನೇ ಮಂಜುಳಾ, ಮಗೀಗೆ ಅನ್ನ ಹಾಕ್ತೀಯೋ, ಬರೀ ಮಗ್ಗದ ಸದ್ದು ಕುಡಿಸ್ತೀಯೋ?” ಸಾಲೆಲ್ಲ ನಕ್ಕಿತು. ನಾನೂ ನಕ್ಕೆನೇನೋ. ಡಾಕ್ಟರು ‘ಮುಂದಿನ ತಿಂಗಳೂ ಇಳಿದರೆ ನೋಡೋಣ’ ಎಂದು ಕಳಿಸಿದರು.

ಮುಂದಿನ ತಿಂಗಳು ತೂಕ ಏರಿತು. ಅದರ ಮುಂದಿನ ತಿಂಗಳು ಇನ್ನಷ್ಟು. ಎರಡು ಸಲವೂ “ಭೇಷ್” ಎಂದು ಟಾನಿಕ್ಕಿನ ಸಾಲಿಗೆ ಕಳಿಸಿದೆ. ಮೂರನೆಯ ಸಲ ಮಗುವನ್ನು ಕೂರಿಸುವಾಗ ಸ್ವೆಟರಿನ ಅಂಚು ತಟ್ಟೆಗೆ ತಗುಲಿ ಠಣ್ ಎಂದಿತು. ಅಂಚಿನೊಳಗೆ ಮಗ್ಗದ ಕಬ್ಬಿಣದ ನಟ್ಟುಗಳನ್ನಿಟ್ಟು ಒಪ್ಪವಾಗಿ ಹೊಲಿಯಲಾಗಿತ್ತು. ಸ್ವೆಟರ್ ತೆಗೆದರೆ ಮುಳ್ಳು ನಾನು ‘ಚ್ಚು’ ಅಂದ ಜಾಗಕ್ಕಿಂತಲೂ ಕೆಳಗಿಳಿಯಿತು. ಮಗುವಿನ ಬರಿ ಎದೆ ಪುಟಪುಟನೆ ಏರಿಳಿಯುತ್ತಿತ್ತು.

“ಯಾಕಮ್ಮ ಹಿಂಗ್ ಮಾಡ್ದೆ?”

“ನೀವು ಎಲ್ರ ಮುಂದೆ ಚ್ಚು ಅಂತೀರಲ್ಲಣ್ಣ. ಮಗೀನ ಅನ್ನ ನಾನೇ ತಿಂದ್ಬಿಟ್ಟಂಗೆ ಆಗೋದು.”

ಡಾಕ್ಟರು ಅಂದೇ ಬೆಂಗಳೂರಿಗೆ ಕಳಿಸಿದರು. ಹೃದಯದಲ್ಲಿ ರಂಧ್ರವಿತ್ತಂತೆ. ತೂಕ ಇಳಿದದ್ದೇ ಅದರ ಸುಳಿವಂತೆ. ಎಂಟನೆಯ ದಿನ ಭೂಮಿಕಾ ಹೋದಳು.

“ಎರಡು ತಿಂಗಳು ಮೊದಲೇ ಕಳಿಸಿದ್ರೆ?” ಎಂದು ಡಾಕ್ಟರನ್ನು ಕೇಳಿದೆ. “ಹೇಳಕ್ಕಾಗಲ್ಲ ಸಾರ್” ಎಂದರು. ಚಿಂತೆಯ ಚಾಳಿಯವನಿಗೆ ಜೀವಮಾನಕ್ಕೆ ಸಾಕಾಗುವಷ್ಟು ಬುತ್ತಿ ಅದು.

ಅಂದಿನಿಂದ ಮಾಸ್ಕ್ ಹಾಕಿಕೊಂಡು ತೂಗತೊಡಗಿದೆ. ಕೇಳಿದವರಿಗೆ ಧೂಳು ಅಂದೆ. ಸ್ವೆಟರನ್ನೂ ಬಿಚ್ಚಿಸುತ್ತಿದ್ದೆ, ಶೀತವಾದರೆ ಆಗಲಿ ಎಂದು.

ಮರುವರ್ಷದ ಮಾಗಿಯಲ್ಲಿ ಮಂಜುಳಾ ಮತ್ತೆ ಬಂದಳು, ತೋಳಲ್ಲಿ ಮೂರು ತಿಂಗಳ ಗಂಡು ಕೂಸು. ನಾನು ಬಾಯಿ ತೆರೆಯುವ ಮೊದಲೇ ಟೋಪಿ, ಸ್ವೆಟರ್, ಕಾಲ್ಗಡಗ ಎಲ್ಲ ತೆಗೆದಳು. ಸ್ವೆಟರನ್ನು ನನ್ನೆದುರು ಕೊಡವಿದಳು.

“ನೋಡ್ಕೊಳಿ ಅಣ್ಣ, ಏನೂ ಇಲ್ಲ.”

ಕೂಸನ್ನು ತಟ್ಟೆಯಲ್ಲಿ ಮಲಗಿಸಿದೆ. ಅವಳು ನನ್ನ ಮಾಸ್ಕಿನತ್ತ ಬೆರಳು ತೋರಿದಳು.

“ಅದೂ ತೆಗೀರಿ. ನಿಮ್ಮ ಮುಖ ಕಾಣ್ದಿದ್ರೆ ಇನ್ನೂ ಭಯ. ಚ್ಚು ಅನ್ನಂಗಿದ್ರೆ ಅಂದ್ಬಿಡಿ.”

ತೆಗೆದೆ. ಮುಳ್ಳು ನಡುಗುತ್ತ ನಡುಗುತ್ತ ನಿಲ್ಲುವಷ್ಟರಲ್ಲಿ, ಬರಿಮೈಯ ಕೂಸಿಗಿಂತ ಹೆಚ್ಚು ಚಳಿಯಾದದ್ದು ನನ್ನ ಮುಖಕ್ಕೇ.